ಆರನೇ ತಟ್ಟೆ ಮಿರ್ಚಿ

ಕೊನೆಯ ಮಿರ್ಚಿ ಬಜ್ಜಿಯನ್ನೂ ತಿಂದು ಮುಗಿಸಿ, ಟವೆಲ್ಲಿಗೆ ಕೈ ಒರೆಸಿಕೊಂಡು, ಗ್ಯಾನಪ್ಪ ಹಿಂದಿನ ಐದು ಸಲ ಹೇಳಿದ್ದನ್ನೇ ಆರನೇ ಸಲವೂ ಹೇಳಿದ: “ಛಲೋ ಐತ್ರಿ. ಏನೂ ತಿದ್ದಾದು ಬ್ಯಾಡ.” ಅಸ್ಮಾ ಗೋಡೆಯ ಮೇಲಿನ ಹನ್ನೆರಡನೇ ಕೆಲಸದ ಹಳದಿ ಚೀಟಿಯನ್ನು ಕಿತ್ತು ‘ಮುಗಿದದ್ದು’ ಎಂದು ಬರೆದ ಕಡೆಗೆ ಅಂಟಿಸಿದಳು. ಪಂಪಾಪತಿಗೆ ಮಾತ್ರ ಸಮಾಧಾನವಾಗಲಿಲ್ಲ. ಸಿಂಧನೂರಿನ ಗೊಬ್ಬರದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರು ಕೂತು ಬರೆದ ಸಾಫ್ಟ್‌ವೇರಿನಲ್ಲಿ ಒಂದೂ ತಪ್ಪಿಲ್ಲವೆಂದರೆ ಬರೆದವನೇ ನಂಬಲಾರ.

ಕೆಲಸ ಹುಡುಗಾಟದ್ದಲ್ಲ. ವಳಕಮದಿನ್ನಿಯ ರೈತರಿಗೆ ಕಾಲುವೆ ನೀರಿನ ಪಾಳಿ ಯಾವಾಗ ಶುರು, ಯಾವಾಗ ಮುಕ್ತಾಯ ಎಂದು ಫೋನಿನಲ್ಲಿ ತಿಳಿಸಬೇಕು. ಇನ್ನು ಹತ್ತು ದಿನಕ್ಕೆ ಕಾಲುವೆಗೆ ನೀರು. ಅಂದಿನಿಂದ ಊರೆಲ್ಲ ಫೋನು ಹೇಳಿದಂತೆ ನಡೆಯಬೇಕು. ತಪ್ಪಿದರೆ ಯಾರದೋ ನಾಟಿ ಒಣಗುತ್ತದೆ. ಅದಕ್ಕೇ ಊರಿನ ಸಂಘದವರು ತೂಬು ತೆಗೆದು ಮುಚ್ಚುವ ಗ್ಯಾನಪ್ಪನನ್ನೇ ನೋಡಿಬರಲು ಕಳಿಸುತ್ತಿದ್ದರು.

ಪಂಪಾಪತಿ ಹುಬ್ಬಳ್ಳಿಯಲ್ಲಿ ತರಬೇತಿ ಪಡೆದವನು. ದಿನಾ ಬೆಳಿಗ್ಗೆ ನಿಂತುಕೊಂಡೇ ಸಭೆ ಮಾಡಬೇಕೆಂದು ಅಲ್ಲಿ ಕಲಿಸಿದ್ದರು. ಇರುವವರು ಇಬ್ಬರೇ ಆದರೂ ಎದುರುಬದುರು ನಿಂತು ಮಾಡುತ್ತಿದ್ದ. ಮಸ್ಕಿಯಿಂದ ಬಸ್ಸಿನಲ್ಲಿ ನಿಂತೇ ಬಂದ ಅಸ್ಮಾ ಪಾಪ ಇಲ್ಲಿ ಮತ್ತೆ ಹದಿನೈದು ನಿಮಿಷ ನಿಲ್ಲಬೇಕು. ಹದಿನೈದು ದಿನಕ್ಕೊಮ್ಮೆ, ಸಾಫ್ಟ್‌ವೇರ್ ಬಳಸುವವರನ್ನು ಕರೆದು, ಮಾಡಿದಷ್ಟನ್ನು ತೋರಿಸಿ, ಹುಳುಕು ಕೇಳಿ ತಿದ್ದಬೇಕು. ಈ ಪದ್ಧತಿಯನ್ನು ನಿಮ್ಮ ನಿಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ ಎಂದೂ ಹೇಳಿದ್ದರು. ಮೊದಲ ದಿನ ಗ್ಯಾನಪ್ಪ ಕುರ್ಚಿಯ ಅಂಚಿಗೆ ಮುದುಡಿ ಕೂತಿದ್ದು ನೋಡಿ ಪಂಪಾಪತಿ ಹೊಂದಿಸಿಕೊಂಡದ್ದು ಇದೊಂದನ್ನೇ: ಮೊದಲು ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ, ಆಮೇಲೆ ಮಾತು. ಈ ಉಪಾಯದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅಂದು ಸೋಮವಾರ. ಪೇಟೆಯಲ್ಲಿ ಕೆಲಸವಿದೆಯೆಂದು ಗ್ಯಾನಪ್ಪನ ಹೆಂಡತಿ ಆದೆಮ್ಮನೂ ಬಂದಿದ್ದಳು. ಒಪ್ಪತ್ತು ಇದ್ದುದರಿಂದ ತಟ್ಟೆ ಮುಟ್ಟಲಿಲ್ಲ, ಚಹಾವನ್ನೂ ಒಲ್ಲೆನೆಂದಳು. ಸುಮ್ಮನೆ ಕೂತವಳ ಕೈಗೆ ಅಸ್ಮಾ ಅವರ ಹೊಲದ ಪಾಳಿ ತೋರಿಸುವ ಫೋನು ಕೊಟ್ಟಳು. ಆದೆಮ್ಮ ನೋಡಿ ಕೇಳಿದಳು:

“ಮೂರು ತಾಸು ಅಂತ ತೋರಸಾಕತ್ತೈತಿ. ತೂಬು ತೆಗೆದಾಗಿಂದ ಎಣಿಸ್ತೈತೇನ್ರಿ ಇದು?”

ಹೌದೆಂದ ಪಂಪಾಪತಿ.

“ನಮ್ಮ ಹೊಲ ಕಾಲುವಿ ಕಡೀಕ ಐತ್ರಿ. ನೀರು ಬಂದು ಮುಟ್ಟಾಕನ ಎರಡು ತಾಸು ಬೇಕು. ಇದು ಹೇಳಿದಂಗ ತೂಬು ಮುಚ್ಚಿದ್ರ ನಮಗ ಉಳಿಯಾದು ಒಂದ ತಾಸು.”

ಪಂಪಾಪತಿ ಗ್ಯಾನಪ್ಪನತ್ತ ತಿರುಗಿದ. ಎರಡೂವರೆ ತಿಂಗಳಿಂದ ಈ ಮನುಷ್ಯ ತನ್ನ ಹೊಲವೇ ಒಣಗುವಂಥ ಲೆಕ್ಕವನ್ನು ನೋಡಿಕೊಂಡು ಛಲೋ ಐತಿ ಎನ್ನುತ್ತಿದ್ದನೇ? ನಿಮಗಿದು ಗೊತ್ತಾಗಿರಲಿಲ್ಲವೇ ಎಂದು ಕೇಳಿದ. ಗ್ಯಾನಪ್ಪ ಖಾಲಿ ತಟ್ಟೆಯನ್ನು ನೋಡಿದ.

“ಮೊದಲನೇ ದಿನಾನ ಗೊತ್ತಾಗಿತ್ರಿ. ಹೇಳಬೇಕಂತನ ಬರ್ತಿದ್ದೆ. ಬಂದ ಕೂಡ್ಲೇ ನೀವು ತಟ್ಟಿ ಇಡ್ತಿದ್ರಿ. ಉಂಡ ಮನಿ ಜಂತಿ ಎಣಿಸಾದು ಹ್ಯಾಂಗ್ರಿ?”

ನಗಬೇಕೋ ಅಳಬೇಕೋ ಪಂಪಾಪತಿಗೆ ತಿಳಿಯಲಿಲ್ಲ. ತರಬೇತಿಯಲ್ಲಿ ಯಾರೂ ಮಿರ್ಚಿಯ ವಿಷಯ ಎತ್ತಿರಲಿಲ್ಲ. ಒಂದು ಮಾತ್ರ ಖಚಿತವಿತ್ತು: ಒಂದೊಂದು ಹೊಲಕ್ಕೂ ನೀರು ಮುಟ್ಟುವ ಹೊತ್ತನ್ನು ಅಳೆದು, ಎಲ್ಲವನ್ನೂ ಬುಡದಿಂದ ಮತ್ತೆ ಬರೆಯಬೇಕು. ತಿಂಗಳಾದರೂ ಬೇಕು, ಹತ್ತು ದಿನದಲ್ಲಿ ಆಗದು. ಈ ಸಲಕ್ಕೆ ಫೋನನ್ನು ನಂಬಬೇಡಿ, ಹಿಂದಿನಂತೆಯೇ ಪಾಳಿ ನಡೆಸಿ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆದೆಮ್ಮ ಗಂಡನಿಗೆಂದು ತಂದ ಬುತ್ತಿ ಬಿಚ್ಚಿದ್ದಳು. ಆರು ಸಲ ಇವರು ನಿಮ್ಮದು ತಿಂದಿದ್ದಾರೆ, ಒಮ್ಮೆ ನೀವು ನಮ್ಮದು ತಿನ್ನಿ ಎಂದು ಜೋಳದ ರೊಟ್ಟಿ, ಪುಂಡಿಪಲ್ಯ ಇಬ್ಬರ ಮುಂದೆಯೂ ಇಟ್ಟಳು. ಬೇಡವೆನ್ನಲಾರದೆ ಪಂಪಾಪತಿ ಒಂದು ಚೂರು ಮುರಿದ. ರುಚಿಗೆ ಮನಸೋತು ಇಡೀ ರೊಟ್ಟಿಯನ್ನೇ ತಿಂದ.

“ನೀರು ಬರಾದ್ರಾಗ ಸರಿ ಆಗತೈತೇನ್ರಿ?” ಗ್ಯಾನಪ್ಪ ಕೇಳಿದ. “ಊರಾಗ ಹೇಳಬೇಕಲ್ರಿ.”

ಪಂಪಾಪತಿ ತುತ್ತು ನುಂಗಿದ. ಆದೆಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

“ಆಗತೈತ್ರಿ,” ಎಂದುಬಿಟ್ಟ.

ಅಸ್ಮಾ ತನ್ನ ಮುಂದಿನ ರೊಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಸರ್, ನಾ ಇನ್ನಾ ಮುರಿದಿಲ್ರಿ. ಖರೇ ಮಾತು ನಾ ಹೇಳಲೇನು?”