ಸಾರಜನಕದ ನಾಲ್ಕು ನಿಮಿಷ

2091ರ ಮಾರ್ಚ್ 14, ಬೆಳಿಗ್ಗೆ 10 ಗಂಟೆ 20 ನಿಮಿಷ. ಎವರಿಸ್ಟ್ ಪಿರೇರಾ ಸಾರಜನಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾರವಾರದಾಚೆಯ ಆ ಕಡಲಡಿಯ ಊರಿನಲ್ಲಿ ಎಲ್ಲರೂ ಉಸಿರಾಡುವುದು ಹೀಲಿಯಂ ಬೆರೆತ ಗಾಳಿ. ಅದರಿಂದ ಎಲ್ಲರ ಮಾತೂ ಬಾತುಕೋಳಿಯ ಹಾಗೆ. ನೆಲದ ಮೇಲಿನಂಥ, ಸಾರಜನಕ ಬೆರೆತ ಗಾಳಿ ಈ ಕೋಣೆಯಲ್ಲಿ ನಿವೃತ್ತರಿಗೆ ಒಮ್ಮೆ, ನಾಲ್ಕು ನಿಮಿಷ ಮಾತ್ರ ಸಿಗುತ್ತಿತ್ತು.

ಇಲ್ಲಿ ಮೂವತ್ತು ವರ್ಷ ಪಂಪು ನೋಡಿಕೊಂಡ ಪಿರೇರಾ ಅದಕ್ಕೂ ಮೊದಲು ಒಪೆರಾದಲ್ಲಿ ಎತ್ತರದ ದನಿಯ ಟೆನರ್ ಗಾಯಕರಾಗಿದ್ದರು. 523 ಹರ್ಟ್ಸ್‌ನ ಅವರ ಒಂದು ಸ್ವರಕ್ಕೆ ಸಭಾಂಗಣವೇ ಎದ್ದು ನಿಲ್ಲುತ್ತಿತ್ತು. ಇಲ್ಲೇ ಹುಟ್ಟಿದ ಮಗಳು ಫ್ಲೋರಿನ್ ಅದನ್ನು ಒಮ್ಮೆಯಾದರೂ ಕೇಳಬೇಕೆಂಬುದೊಂದೇ ಅವರ ಆಸೆ.

ಪಿರೇರಾ ಹಾಡತೊಡಗಿದೊಡನೆ, ಗಾಜಿನಾಚೆ ಸ್ಪೀಕರಿಗೆ ಕಿವಿಗೊಟ್ಟಿದ್ದ ಫ್ಲೋರಿನ್ ಬೆಚ್ಚಿದಳು. "ಗಣಪಣ್ಣ, ಇದ್ಯಾವ ಗೂಳಿ? ನಿಮ್ಮ ಯಂತ್ರ ಕೆಟ್ಟಿದೆ. ನಮ್ಮ ಪಪ್ಪನ ದನಿ ಹಾಕಿ."

"ಇದೇ ಪಪ್ಪನ ದನಿ ಮಾರಾಯ್ತಿ."

"ತಮಾಷೆ ಬೇಡ. ಬೇಗ, ಹಾಡು ಮುಗಿದುಹೋಗ್ತದೆ!"

ಅವಳ ಕಣ್ಣಲ್ಲಿ ನೀರು ಕಂಡು, ಕೋಣೆ ನೋಡಿಕೊಳ್ಳುವ ಗಣಪ ಗುಂಡಿ ತಿರುಗಿಸಿ ಆ ದನಿಯನ್ನು ಊರಿನ ಬಾತುಕೋಳಿ ದನಿಯಾಗಿಸಿದ.

"ಹಾಂ, ಈಗ ಪಪ್ಪ!" ಫ್ಲೋರಿನ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಮಗಳು ಕೊನೆಗೂ ಕೇಳಿದಳೆಂದುಕೊಂಡು ಪಿರೇರಾ ಒಳಗೆ ಎದೆಯ ಮೇಲೆ ಕೈಯಿಟ್ಟು ಬಾಗಿದರು. ಕೋಣೆಯ ಮಾಪಕ ಅವರ ಕೊನೆಯ ಸ್ವರವನ್ನು ದಾಖಲಿಸಿತ್ತು: 523 ಹರ್ಟ್ಸ್.