ದಕ್ಷಿಣದ ಮೈ

ಡೆಲ್ಫಿನಾ ಆಂಟೋನ್ ತನ್ನ ಜೀಪನ್ನು ನರ್ಸರಿಯ ಗೇಟಿಗೆ ಅಡ್ಡ ನಿಲ್ಲಿಸಿ ಇಳಿದಳು. ಒಳಗೆ ಲಾರಿಯ ಇಂಜಿನ್ ಆಗಲೇ ಗುರುಗುಡುತ್ತಿತ್ತು. ಅರಿಜೋನಾದ ಮರುಭೂಮಿಯಲ್ಲಿ ಗಿಡಗಳ್ಳರನ್ನು ಹಿಡಿಯುವುದು ಇಪ್ಪತ್ತೆಂಟು ವರ್ಷಗಳಿಂದ ಅವಳ ಕೆಲಸ. ಆರು ದಿನದ ಹಿಂದೆ ರಕ್ಷಿತ ಪ್ರದೇಶದಲ್ಲಿ ಒಂದು ಹೊಸ ಗುಂಡಿ ಕಂಡಿತ್ತು. ಅಲ್ಲಿದ್ದ, ಕೈಗಳಂತೆ ಮೂರು ಕೊಂಬೆ ಚಾಚಿದ್ದ ಭಾರೀ ಸಗುವಾರೊ ಕಳ್ಳಿ ಇರಲಿಲ್ಲ. ಅಂಥದ್ದೇ ಒಂದು ಈಗ ಅಂಗಳದಲ್ಲಿತ್ತು. ಇನ್ನರ್ಧ ಗಂಟೆಯಲ್ಲಿ ಅದು ಲಾರಿಯೇರಿ ರಾಜ್ಯದ ಗಡಿ ದಾಟಲು ಹೊರಡಲಿತ್ತು.

“ಹನ್ನೆರಡು ವರ್ಷದಿಂದ ಇಲ್ಲೇ ನಿಂತಿದೆ,” ಎಂದ ಮಾಲೀಕ ರಸ್ ಹ್ಯಾಲೋರನ್. “ಬೇಕಿದ್ರೆ ಅದನ್ನೇ ಕೇಳು.”

“ಕೇಳ್ತೀನಿ.” ಅವಳು ಜೇಬಿನಿಂದ ದಿಕ್ಸೂಚಿ ತೆಗೆದಳು.

“ಏನಜ್ಜಿ, ದಾರಿ ತಪ್ಪಿತಾ?”

ಲಾರಿ ಚಾಲಕ ಏಮಸ್ ಕಿಸಕ್ಕನೆ ನಕ್ಕ. ಡೆಲ್ಫಿನಾ ಕಳ್ಳಿಯನ್ನು ಒಂದು ಸುತ್ತು ಬಂದಳು. ಉತ್ತರದ ಕಡೆ ಚರ್ಮ ದಪ್ಪ, ಒರಟು; ನೂರು ವರ್ಷದ ಬಿಸಿಲುಂಡದ್ದು. ದಕ್ಷಿಣದ ಕಡೆ ನಯವಾದ ಎಳೆ ಚರ್ಮ, ಅದರ ಮೇಲೆ ಅಂಗೈಯಗಲದ ಹಳದಿ ಸುಟ್ಟಗಾಯ.

“ಬಿಸಿಲು ತಡೆಯೋದು ದಕ್ಷಿಣದ ಮೈ, ರಸ್. ಕೀಳೋಕೆ ಮುಂಚೆ ಆ ಕಡೆಗೆ ಸುಣ್ಣದಲ್ಲಿ ಗುರುತು ಹಾಕ್ತಾರೆ, ನೆಡುವಾಗ ಮತ್ತೆ ದಕ್ಷಿಣಕ್ಕೇ ತಿರುಗಿಸ್ತಾರೆ. ಕದಿಯೋ ಅವಸರದಲ್ಲಿ ನೀನು ಮರೆತೆ. ಹನ್ನೆರಡು ವರ್ಷ ಹೀಗೆ ಬೆನ್ನು ತಿರುಗಿಸಿ ನಿಂತಿದ್ರೆ ಇವನು ಇಷ್ಟೊತ್ತಿಗೆ ಸೌದೆ ಆಗ್ತಿದ್ದ. ಈ ಗಾಯಕ್ಕೆ ಇನ್ನೂ ವಾರ ತುಂಬಿಲ್ಲ.”

“ಕೋರ್ಟಲ್ಲಿ ಕಳ್ಳಿ ಬಂದು ಸಾಕ್ಷಿ ಹೇಳುತ್ತಾ?”

“ಬೇರು ಹೇಳುತ್ತೆ. ಕಡಿದ ಬೇರಿನ ಇನ್ನರ್ಧ ಆ ಗುಂಡೀಲೇ ಇದೆ. ಜೋಡಿಸಿ ತೋರಿಸ್ತೀನಿ.”

ಏಮಸ್ ಇಂಜಿನ್ ಆರಿಸಿದ.

ಮೂರನೆಯ ದಿನ, ಅಳತೆ, ಫೋಟೊ ಎಲ್ಲ ಮುಗಿದ ಮೇಲೆ ಏಮಸನೇ ಕಳ್ಳಿಯನ್ನು ಅದರ ಗುಂಡಿಗೆ ತಂದಿಳಿಸಿದ. ಬಾಡಿಗೆ ಕೇಳಲಿಲ್ಲ. ಒರಟು ಮೈಗೆ ತಾನೇ ಹಾಕಿದ್ದ ಸುಣ್ಣದ ಗುರುತು ದಕ್ಷಿಣಕ್ಕೆ ಬರುವವರೆಗೆ ಡೆಲ್ಫಿನಾ ಅವನಿಗೆ ಹೇಳಿ ಮೂರು ಬಾರಿ ತಿರುಗಿಸಿದಳು. ಗಾಯದ ಮೇಲೆ ತನ್ನದೇ ಶಾಲು ಕಟ್ಟಿದಳು.

“ಬದುಕ್ತಾನಾ, ಮೇಡಂ?”

“ಗೊತ್ತಾಗೋಕೆ ಐದು ವರ್ಷ ಕಳೀಬೇಕು. ಈ ಜಾತಿಯವರು ಸಾಯೋದೂ ನಿಧಾನ.”

ಅವಳಿಗೆ ಮುಂದಿನ ತಿಂಗಳು ನಿವೃತ್ತಿಯೆಂದು ಊರಿಗೆಲ್ಲ ಗೊತ್ತಿತ್ತು. “ಅಲ್ಲೀವರೆಗೆ ಬಂದು ನೋಡೋರು ಯಾರು?” ಎಂದ ಏಮಸ್.

ಡೆಲ್ಫಿನಾ ಡೈರಿ ತೆರೆದಳು. ಅಷ್ಟು ಮುಂದಿನ ಪುಟಗಳು ಅದರಲ್ಲಿರಲಿಲ್ಲ. ಹಿಂದಿನ ರಟ್ಟನ್ನು ತಿರುಗಿಸಿ, ಬರುವ ಐದು ವರ್ಷಗಳ ಇದೇ ತಾರೀಖನ್ನು ಒಂದರ ಕೆಳಗೊಂದು ಬರೆದಳು.