ವೈಪರ್ ಸುಮ್ಮನಾದ ಗುರುವಾರ

"ಇನ್ನೊಂದೇ ಒಂದು ಸಲ ಅಮ್ಮ ಆ ವೈಪರ್ ಸದ್ದಿನ ಮಾತೆತ್ತಲಿ, ಈ ಕಾರನ್ನ ಮಾರಿಬಿಡ್ತೀನಿ ನೋಡಿ!" ಎಂದಳು ಹೆಂಡತಿ. ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ ಕಾರಿನ ಮೂತಿಯ ಮೇಲೆ ಇನ್ನಷ್ಟು ಬಗ್ಗಿದ.

ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಕೆಂಪು ಸ್ಪೋರ್ಟ್ಸ್ ಕಾರು ಅದು. ಐವತ್ತು ದಾಟಿದ ಮೇಲೆ ಆಸೆಪಟ್ಟು ಕೊಂಡದ್ದು. ಗಂಡನಿಗೆ ಮಕ್ಕಳಾಟ ಶುರುವಾಗಿದೆ ಎಂದು ಹೆಂಡತಿ ನಕ್ಕು ಸುಮ್ಮನಾಗಿದ್ದಳು. ಮಳೆಗಾಲ ಬಂತು ನೋಡಿ, ವೈಪರಿನ ರಾಗವೂ ಶುರುವಾಯಿತು. ಹೋಗುವಾಗ ಕೀಂಯ್, ಬರುವಾಗ ಗರಗರ. ಅತ್ತೆಯನ್ನು ಪ್ರತಿ ಗುರುವಾರ ಮಂಡಿನೋವಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದೇ ಕಾರಿನಲ್ಲಿ. ವಾಪಸು ಬಂದು ಚಪ್ಪಲಿ ಬಿಡುವ ಮೊದಲೇ ಅವರು ಮಗಳಿಗೆ ವರದಿ ಒಪ್ಪಿಸುತ್ತಿದ್ದರು: "ಅಬ್ಬಬ್ಬಾ, ಏನು ಕಿರುಚುತ್ತಮ್ಮಾ ಅದು!"

ಇವತ್ತು ಮತ್ತೆ ಗುರುವಾರ, ಮೇಲೆ ಮೋಡ. ಬೆಳಿಗ್ಗೆಯಿಂದ ಅವನು ಅಂಗಡಿಯನ್ನೂ ತೆರೆಯದೆ ವೈಪರ್ ಹಿಂದೆ ಬಿದ್ದಿದ್ದ. ರಬ್ಬರ್ ಬದಲಾಯಿಸಿದ. ಅದು ಸರಿಯಿಲ್ಲವೆಂದು ಬೇರೆ ಅಂಗಡಿಯಿಂದ ಇನ್ನೊಂದು ಜೊತೆ ತಂದು ಹಾಕಿದ. ಇಕ್ಕಳ ಹಿಡಿದು ವೈಪರಿನ ಕೈಯನ್ನು ಹುಷಾರಾಗಿ ತಿರುಚಿ ನೆಟ್ಟಗೆ ಮಾಡಿದ. ಗುಂಡಿ ಒತ್ತಿದರೆ ಮತ್ತೆ ಕೀಂಯ್.

"ಹೊಸ ರಬ್ಬರ್ ಹಾಕಿದ್ರಲ್ಲ?"

"ಹಾಕ್ದೆ. ಹೊಸದು ಇನ್ನೂ ಗಟ್ಟಿಯಾಗಿ ಕಿರುಚ್ತಿದೆ."

ಹೆಂಡತಿ ಬೇಸತ್ತು ಬಕೆಟ್ಟಿನಿಂದ ಒಂದು ಮಗ್ ನೀರೆತ್ತಿ ಮುಂದಿನ ಗಾಜಿಗೆ ಎರಚಿದಳು. ನೀರು ಗಾಜಿನ ಮೇಲೆ ಹರಡಲೇ ಇಲ್ಲ, ದುಂಡಗಿನ ಹನಿಗಳಾಗಿ ಉರುಳಿ ಕೆಳಗೆ ಬಿತ್ತು. "ಏನ್ರೀ ಇದು? ಗಾಜಿಗೆ ಎಣ್ಣೆಗಿಣ್ಣೆ ಹಚ್ಚಿದ್ದೀರಾ?"

"ಎಣ್ಣೆ ಯಾಕೆ ಹಚ್ಲಿ? ಭಾನುವಾರ ಭಾನುವಾರ ಪಾಲಿಶ್..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಕಾರಿನ ಮೈಗೆ ಹಚ್ಚುವ ಮೇಣದ ಪಾಲಿಶ್ ಅದು. ಆದರೆ ಮೈ ಉಜ್ಜಿ ಮುಗಿಸಿದ ಕೈ ಗಾಜಿನ ಹತ್ತಿರ ಬಂದಾಗ ಸುಮ್ಮನಿದ್ದೀತೇ? ಜೀವಮಾನವೆಲ್ಲ ಗಾಜು ಒರೆಸಿಕೊಂಡೇ ಬಂದ ಕೈ. ಎದುರು ಕೂತವರ ಕನ್ನಡಕ ಮಸುಕಾಗಿದ್ದರೆ ಮಾತಿನ ಮಧ್ಯದಲ್ಲೇ ಕಸಿದುಕೊಂಡು ಒರೆಸಿ ಕೊಡುವ ಆಸಾಮಿ. ವಾರವಾರ ಬಳಿದ ಮೇಣ ಪದರುಪದರಾಗಿ ಗಾಜಿಗೆ ಕೂತಿತ್ತು, ರಬ್ಬರ್ ಅದರ ಮೇಲೆ ಜಾರಿ, ತಡೆದು, ಕಿರುಚುತ್ತಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಪಾತ್ರೆ ತೊಳೆಯುವ ಸೋಪು ತಂದು ಗಾಜನ್ನು ತಿಕ್ಕಿ ತಿಕ್ಕಿ ತೊಳೆದ. ಈಗ ವೈಪರ್ ಬೆಕ್ಕು ನಡೆದ ಹಾಗೆ ಅತ್ತಿಂದಿತ್ತ ಹೋಗಿ ಬಂತು. ಕಾರು ಉಳಿಯಿತು ಎಂದು ಅವನ ಜೀವಕ್ಕೆ ಸಮಾಧಾನವಾಯಿತು.

ಮಧ್ಯಾಹ್ನ ಅತ್ತೆ ಹೊರಟರು. ಆ ಕಾರಿಗೆ ಹತ್ತುವುದೆಂಬುದಿಲ್ಲ, ಇಳಿಯಬೇಕು. ಮೊದಲು ಕೈಚೀಲ, ಆಮೇಲೆ ಅಳಿಯನ ಭುಜ ಹಿಡಿದು ಅತ್ತೆ, ಕೊನೆಗೆ ನೋವಿನ ಮಂಡಿ. ಬೀದಿಯ ತಿರುವಿನಲ್ಲೇ ಮಳೆ ಹಿಡಿಯಿತು. ಅಳಿಯ ಠೀವಿಯಿಂದ ವೈಪರ್ ಹಾಕಿದ.

"ಸದ್ದೇ ಇಲ್ವಲ್ಲ!" ಎಂದರು ಅತ್ತೆ.

"ಸರಿ ಮಾಡ್ದೆ ಅತ್ತೆ."

"ಒಳ್ಳೇದಾಯ್ತು."

ಮಾತು ಅಲ್ಲಿಗೆ ಮುಗಿಯಿತು. ಬೇರೆ ಗುರುವಾರಗಳಲ್ಲಿ ಹೀಗಾಗುತ್ತಿರಲಿಲ್ಲ. ಅಂಚೆ ಕಚೇರಿ ದಾಟುವಾಗ ಅತ್ತೆ "ಕಿರುಚ್ತಿದೆ ನೋಡಿ" ಎನ್ನುತ್ತಿದ್ದರು. ಅಳಿಯ "ಹೌದತ್ತೆ, ನೋಡ್ಬೇಕು" ಎನ್ನುತ್ತಿದ್ದ. ಸೇತುವೆಯ ಮೇಲೆ "ಎಡಗಡೇದೇ ಜಾಸ್ತಿ ಅಲ್ವಾ?" "ಬಲಗಡೇದೇನು ಸಾಮಾನ್ಯ ಅಲ್ಲ ಅತ್ತೆ." ಹೀಗೇ ದಾರಿ ಸಾಗುತ್ತಿತ್ತು. ಮಾವ ಇದ್ದಷ್ಟು ಕಾಲ ಅತ್ತೆ ಅಳಿಯ ಇಬ್ಬರ ಪರವಾಗಿಯೂ ಅವರೇ ಮಾತಾಡುತ್ತಿದ್ದರು. ಮಾವನ ನಂತರ ಆ ಕೆಲಸವನ್ನು ವೈಪರ್ ಮಾಡುತ್ತಿತ್ತೆಂದು ಅಳಿಯನಿಗೆ ಈಗ ಹೊಳೆಯಿತು. ಅದನ್ನು ತಾನೇ ಕೈಯಾರೆ ತೊಳೆದು ಹಾಕಿದೆನಲ್ಲ ಎಂದು ಕಸಿವಿಸಿಯಾಯಿತು.

ಅಂಚೆ ಕಚೇರಿ ಹೋಯಿತು. ಸೇತುವೆಯೂ ಹೋಯಿತು. ಅತ್ತೆ ಕೈಚೀಲ ತೆರೆದು ಮುಚ್ಚಿದರು. ಅಳಿಯ ಸುಮ್ಮನೆ ಕೆಮ್ಮಿದ.

"ಮಳೆ," ಎಂದರು ಅತ್ತೆ.

"ಹೌದತ್ತೆ. ಮಳೆ."

ಆಸ್ಪತ್ರೆಗೆ ಇನ್ನೂ ಅರ್ಧ ದಾರಿಯಿತ್ತು. ಕೆಂಪು ದೀಪ ಬಿದ್ದು ಕಾರು ನಿಂತಾಗ ಅತ್ತೆ ತಲೆ ಓರೆ ಮಾಡಿ ಬಾಗಿಲಿಗೆ ಕಿವಿ ಕೊಟ್ಟರು. "ಇಲ್ಲೇನೋ ಟಕಟಕ ಅಂತಿರೋ ಹಾಗಿದೆಯಲ್ಲ?"

ಅಳಿಯ ಆಲಿಸಿದ. ಬಾಗಿಲು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ತನ್ನ ಕಾರಿನ ಒಂದೊಂದು ತಿರುಪಿನ ದನಿಯೂ ಅವನಿಗೆ ಗೊತ್ತು. ಇಲ್ಲದ ಈ ಟಕಟಕ ಮನೆ ಮುಟ್ಟಿದರೆ ಹೆಂಡತಿ ಏನು ಮಾಡುತ್ತಾಳೆಂಬುದೂ ಗೊತ್ತು. ಇಲ್ಲ ಎಂದುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದರು.

"ಹೌದತ್ತೆ," ಎಂದ ಅಳಿಯ. "ನಂಗೂ ಕೇಳಿಸ್ತಿದೆ. ಆ ಕೆಳಗಡೆಯಿಂದಾನೇ ಅನ್ಸುತ್ತೆ."

"ಅಲ್ಲ, ಸ್ವಲ್ಪ ಮೇಲಿಂದ," ಎಂದು ಅತ್ತೆ ಹಾಯಾಗಿ ಸೀಟಿಗೆ ಒರಗಿದರು. ಹಸಿರು ದೀಪ ಬಿತ್ತು. ಕಾರು ಸ್ವಲ್ಪ ದೂರ ಹೋದ ಮೇಲೆ ಅವರು ದನಿ ತಗ್ಗಿಸಿ ಹೇಳಿದರು:

"ಇದನ್ನ ಅವಳ ಹತ್ರ ಹೇಳೋದು ಬೇಡ. ಸರಿ ಮಾಡಿಸಿಬಿಡ್ತಾಳೆ."